ಇವತ್ತು ಎಂದು ಬರೆದವರು

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಮಾಸ್ತರರು ನನ್ನ ಕಂಪ್ಯೂಟರಿನ ಮುಂದೆ ಕೂತು ‘ಪ್ರಕಟಿಸು’ ಎಂಬ ಗುಂಡಿ ಒತ್ತಿದರು. ಸ್ನಾನ ಆಗಿರಲಿಲ್ಲ, ಹೆಗಲ ಮೇಲೆ ಟವೆಲು ಹಾಗೇ ಇತ್ತು. ಹೊರಗೆ ಬಿಡದ ಜಿಟಿಜಿಟಿ ಮಳೆ. ಒತ್ತಿದವರು ಎದ್ದು, ‘ಆತು, ಇನ್ನ ಓದೋರು ಓದಲಿ’ ಎಂದು ಮೆಟ್ಟಿಲಿಳಿದು ಹೋದರು. ಎಲ್ಲ ಕೆಡಲು ಶುರುವಾದದ್ದು ಆ ನಿಮಿಷಕ್ಕೆ. ಪಕ್ಕದಲ್ಲಿ ನಿಂತಿದ್ದ ನನಗೂ, ಒತ್ತಿದ ಅವರಿಗೂ ಮಧ್ಯಾಹ್ನದ ತನಕ ಅದು ತಿಳಿಯಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮೇಲೆ ನನಗೆ ಮತ್ತೆ ಆ ದಿನದ ಹೊಳೆಯ ಸಪ್ಪಳ ಕೇಳಲು ಶುರುವಾಗಿದೆ. ಬರೆದು ಕಳೆದುಕೊಳ್ಳೋಣವೆಂದು ಕೂತಿದ್ದೇನೆ. ಹೆಸರು ಬೇಡ. ಜಮಖಂಡಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರಿಗೂ ಅವರು ಮಾಸ್ತರು, ಹುಡುಗರಿಗೆ ಡ್ರಾಯಿಂಗ್ ಸರ್. ಅವರ ಪ್ರೌಢಶಾಲೆಗೆ ನಾನು ಕನ್ನಡ ಕಲಿಸಲು ಹೊಸದಾಗಿ ಬಂದಿದ್ದೆ. ಅವರದೇ ಮನೆಯ ಮಹಡಿಯ ಖೋಲಿ ಬಾಡಿಗೆಗೆ ಹಿಡಿದಿದ್ದೆ. ನನ್ನ ಹತ್ತಿರ ಒಂದು ಕಂಪ್ಯೂಟರು ಮತ್ತು ಫೋನಿನ ತಂತಿಯಲ್ಲಿ ಬರುವ ಇಂಟರ್‌ನೆಟ್ ಇತ್ತು. ಅದೇ ನಮ್ಮನ್ನು ಹತ್ತಿರ ತಂದದ್ದು.

ಏನನ್ನೇ ನೋಡಲಿ, ಅವರು ಎಡಗಣ್ಣು ಮುಚ್ಚಿ, ಹೆಬ್ಬೆರಳು ಮುಂದೆ ಹಿಡಿದು ಅಳೆಯುತ್ತಿದ್ದರು. ತರಕಾರಿ ಸಂತೆಯಲ್ಲಿ ಕುಂಬಳಕಾಯಿಯನ್ನೂ ಹಾಗೇ ಅಳೆಯುವುದನ್ನು ನೋಡಿದ್ದೇನೆ. ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದವರು. ಸೀರೆಯ ದಡಿಯ, ಅಂದರೆ ಅಂಚಿನ, ನಮೂನೆಗಳನ್ನು ಚೌಕುಳಿ ಕಾಗದದ ಮೇಲೆ ಬಿಡಿಸುವುದು ಅವರ ತಂದೆಯ ಕೆಲಸವಾಗಿತ್ತು. ಪರದೆಯ ಮೇಲಿನ ಚಿತ್ರವನ್ನು ನಾನು ಹಿಗ್ಗಿಸಿ ತೋರಿಸಿದಾಗ ಅದು ಸಣ್ಣ ಸಣ್ಣ ಚೌಕಗಳಾಗಿ ಒಡೆಯಿತು. ಮಾಸ್ತರರು ಬೆರಳಿಟ್ಟು ಚೌಕಗಳನ್ನು ಎಣಿಸಿದರು. ಆಮೇಲೆ, ತಮ್ಮ ಅಪ್ಪ ಈ ಕೆಲಸಾನೇ ಮಾಡಿ ಕಣ್ಣು ಕಳಕೊಂಡ ಎಂದರು. ಮಾರನೆಯ ಸಂಜೆ ಮೇಲೆ ಬಂದು, ತಮಗೂ ಒಂದು ಬ್ಲಾಗು ಬೇಕು ಎಂದರು.

ಅದನ್ನು ಎಲ್ಲಿ ಮಾಡುವುದೆಂದು ಆರಿಸಲು ಅವರು ಹೊಸ ಮನೆ ನೋಡುವವರಂತೆ ದಿನಗಟ್ಟಲೆ ತೆಗೆದುಕೊಂಡರು. ನಾನು ತೋರಿಸಿದ ಮೊದಲನೆಯದು ಒಂದು ಕನ್ನಡ ತಾಣ. ಯಾರು ಬೇಕಾದರೂ ಹೆಸರು ಕೊಟ್ಟು ಅಲ್ಲಿ ಪುಟ ತೆರೆಯಬಹುದಿತ್ತು, ಆದರೆ ಎಲ್ಲರ ಪುಟಕ್ಕೂ ಒಂದೇ ಮುಖ. ‘ಇದು ಬಾಡಿಗಿ ಚಾಳ ಆತಲ್ಲೋ ತಮ್ಮಾ. ಗ್ವಾಡಿಗೆ ಒಂದ ಮೊಳಿ ಹೊಡೀಬೇಕಂದ್ರೂ ಮಾಲಕನ್ನ ಕೇಳಬೇಕು’ ಎಂದು ಬಿಟ್ಟರು. ಎರಡನೆಯದು ನೋಡಲು ಬಹಳ ಚೆಂದವಿತ್ತು. ಆದರೆ ಅದರಲ್ಲಿ ‘ಕೃಷ್ಣಾ’ ಎಂದು ಬರೆದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ನಿಲ್ಲುತ್ತಿತ್ತು. ಹೊಳೆಯ ಹೆಸರನ್ನೇ ಕೂಡಿಸಿ ಬರೆಯಲು ಬಾರದವರ ಮನೆ ನಮಗೆ ಬೇಡ ಅಂದರು. ಮೂರನೆಯದು ಪರದೇಶದ ಪುಕ್ಕಟೆ ತಾಣ. ಅಲ್ಲಿ ಬಣ್ಣ, ಅಕ್ಷರ, ಅಂಚು, ಪಟ್ಟಿ ಎಲ್ಲವನ್ನೂ ನಮಗೆ ಬೇಕಾದಂತೆ ಬದಲಿಸಬಹುದಿತ್ತು. ಏನೇನು ಸೇರಿಸಬಹುದೆಂದು ನಾನು ವಿವರಿಸಲು ಹೊರಟೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

‘ಇದರಾಗ ಏನೇನ ಕಿತ್ತಬಹುದು, ಅದನ್ನ ಹೇಳು.’

ಅವರ ಕೈ ನಡೆಯುತ್ತಿದ್ದುದೇ ಹಾಗೆ. ಹುಡುಗರ ಚಿತ್ರ ತಿದ್ದುವಾಗಲೂ ರಬ್ಬರು ಮೊದಲು, ಪೆನ್ಸಿಲು ಆಮೇಲೆ. ತಾಣದವರು ಕೊಟ್ಟ ಮಾದರಿಯಿಂದ ಬಲಗಡೆಯ ಪಟ್ಟಿ ಹೋಯಿತು. ಕ್ಯಾಲೆಂಡರು ಹೋಯಿತು. ಬಂದುಹೋದವರ ಸಂಖ್ಯೆ ತೋರಿಸುವ ಡಬ್ಬಿ ಹೋಯಿತು. ತಲೆಯ ಮೇಲೆ ಸೀರೆಯ ದಡಿ ಬಂತು. ಅದನ್ನು ಕಾಗದದ ಮೇಲೆ ತಾವೇ ಬಿಡಿಸಿ, ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ತಂದಿದ್ದರು. ಹಿನ್ನೆಲೆಗೆ ಹೊಳೆಗೆ ಹೊಸನೀರು ಬಂದಾಗಿನ ಕೆಂಪು ಬಣ್ಣವೇ ಬೇಕೆಂದು ಹಟ. ಆ ಬಣ್ಣದ ಅಂಕಿ ಹೊಂದಿಸುವುದರಲ್ಲಿ ನಮ್ಮ ಚಳಿಗಾಲವೇ ಕಳೆಯಿತು. ಶಾಲೆಯಲ್ಲಿ ಲೆಕ್ಕದ ಮಾಸ್ತರರು, ‘ಇವರು ಮಶಿನ್ಯಾಗ ಸೀರಿ ನೇಯಾಕತ್ತಾರ, ಯಾರಿಗಾರ ಉಡಿ ತುಂಬೂದಿದ್ರ ಹೇಳ್ರಿ’ ಎಂದು ಚೇಷ್ಟೆ ಮಾಡುತ್ತಿದ್ದರು. ಮಾಸ್ತರರು ಆ ಮಾತಿಗೂ ಎಡಗಣ್ಣು ಮುಚ್ಚಿ ಅವರನ್ನು ಅಳೆದರು.

ಕೊನೆಗೆ ಉಳಿದದ್ದು ಪ್ರತಿ ಬರಹದ ಕೆಳಗೆ ತಾನಾಗಿ ಮೂಡುವ ಒಂದು ಸಾಲು: ತಾರೀಖು, ಅದರ ಮುಂದೆ ಗಂಟೆ. ಮಾಸ್ತರರು ಬರೆಯುತ್ತಿದ್ದುದು ರಾತ್ರಿ ಊಟಕ್ಕೆ ಮುಂಚೆ. ಕೆಳಗೆ ನೋಡಿದರೆ ಬೆಳಗಿನ ಏಳು ಗಂಟೆ ಎಂದು ಇರುತ್ತಿತ್ತು. ಎರಡು ಮೂರು ಸಲ ಹಾಗೇ ಆಯಿತು. ತಾರೀಖು ಮಾತ್ರ ಸರಿ.

‘ಇದರ ಗಡಿಯಾರ ಕೆಟ್ಟೈತಿ ತಮ್ಮಾ’ ಎಂದರು. ‘ಕೆಟ್ಟ ಗಡಿಯಾರ ಗ್ವಾಡಿಗೆ ಯಾಕಿರಬೇಕು? ತಗದ ಬಿಡು. ತಾರೀಖ ಇದ್ರ ಸಾಕು.’

ಗಂಟೆ ಹೋಯಿತು. ಸಾಲು ಚಿಕ್ಕದಾಗಿ, ಪುಟ ಚೆಂದ ಕಂಡಿತು.

ಮೊದಮೊದಲು ಅಲ್ಲಿ ಅವರು ಹಾಕಿದ್ದು ಹಳೆಯ ಬಾಗಿಲುಗಳ, ಮಗ್ಗಗಳ ಚಿತ್ರ, ಜೊತೆಗೆ ನಾಲ್ಕು ಮಾತು. ಬೇಸಿಗೆ ಕಳೆದು ಮಳೆ ಹಿಡಿದ ಮೇಲೆ ಹೊಳೆಯ ಚಿತ್ರಗಳು ಶುರುವಾದವು. ಅವರ ಹಳೆಯ ಶಿಷ್ಯನೊಬ್ಬ ಹಿಪ್ಪರಗಿಯ ಬ್ಯಾರೇಜಿನ ಕಡೆ ಕೆಲಸಕ್ಕಿದ್ದ. ಮೇಲಿನಿಂದ ಎಷ್ಟು ನೀರು ಬರುತ್ತಿದೆ ಎಂದು ಅವನು ಗುರುಗಳಿಗೆ ಫೋನಿನಲ್ಲಿ ಹೇಳುತ್ತಿದ್ದ, ಗುರುಗಳು ಅದನ್ನು ಚಿತ್ರದ ಕೆಳಗೆ ಬರೆಯುತ್ತಿದ್ದರು. ನಮ್ಮ ಕಡೆ ಹೊಳೆದಂಡೆಯ ರೈತರಿಗೆ ಮಳೆಗಾಲದಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಇಲ್ಲ. ಕಬ್ಬಿಗೆ ನೀರೆತ್ತುವ ಮೋಟಾರುಗಳು ಹೊಳೆಯ ಅಂಚಿನಲ್ಲೇ ಇರುತ್ತವೆ. ನೀರು ಬರುವ ಮೊದಲು ಅವನ್ನು ಬಿಚ್ಚಿ ಮೇಲಕ್ಕೆ ಸಾಗಿಸಬೇಕು. ಬೇಗ ಎತ್ತಿದರೆ ಪೈರು ಒಣಗುತ್ತದೆ, ತಡವಾದರೆ ಮೋಟಾರು ಹೋಗುತ್ತದೆ. ಗಲಗಲಿಯ ಒಬ್ಬ ಶಿಕ್ಷಕರು, ಸಕ್ಕರೆ ಕಾರ್ಖಾನೆಯ ಆಫೀಸಿನವರು, ಇಚಲಕರಂಜಿಗೆ ದುಡಿಯಲು ಹೋದ ಹುಡುಗರು, ಹೀಗೆ ಓದುವವರು ಕೂಡಿದರು. ಓದಿದವರು ಊರಿಗೆ ಫೋನು ಮಾಡಿ ಹೇಳುತ್ತಿದ್ದರು.

ಆದರೆ ಮಾಸ್ತರರು ಬರೆಯುತ್ತಿದ್ದುದು ಒಂದು ಮನೆಗಾಗಿ. ಅದು ನನಗೆ ಗೊತ್ತಾಗಲು ತಡವಾಯಿತು.

ಅವರ ತಂಗಿಯನ್ನು ತುಬಚಿಯ ಆಚೆ, ಹೊಳೆದಂಡೆಯ ಒಂದು ಊರಿಗೆ ಕೊಟ್ಟಿದ್ದರು. ತಂಗಿಯ ಮಗನಿಗೆ ಮಾಸ್ತರರ ಮಗಳನ್ನು ತರುವುದೆಂದು ಮಕ್ಕಳು ಚಿಕ್ಕವರಿದ್ದಾಗಿನಿಂದ ಎರಡೂ ಮನೆಯವರ ಮಾತು. ಮಗಳು ದೊಡ್ಡವಳಾಗಿ, ತನಗೆ ಅವನು ಅಣ್ಣನಂತೆ, ಒಲ್ಲೆ ಅಂದಳು. ಮಾಸ್ತರರು ಮಗಳ ಮಾತು ಕೇಳಿದರು. ತಂಗಿಯ ಗಂಡ ಅಂಗಳದಲ್ಲಿ ನಿಂತು, ಇನ್ನು ಮೇಲೆ ನಮ್ಮ ಹೊಸ್ತಿಲು ತುಳಿಯಬ್ಯಾಡ್ರಿ ಎಂದ. ಅಲ್ಲಿಂದ ಮಾತಿಲ್ಲ, ಹಬ್ಬಕ್ಕೆ ಕರೆಯುವುದಿಲ್ಲ, ಫೋನು ಮಾಡಿದರೆ ಎತ್ತುವುದಿಲ್ಲ. ಆ ಹುಡುಗನಿಗೆ ಮಾತ್ರ ಸಿಟ್ಟಿರಲಿಲ್ಲ. ಅವನು ಇಚಲಕರಂಜಿಯ ಮಗ್ಗದ ಕಾರ್ಖಾನೆಯಲ್ಲಿದ್ದ, ರಾತ್ರಿ ಪಾಳಿ ಮುಗಿದ ಮೇಲೆ ಬೆಳಿಗ್ಗೆ ಇಂಟರ್‌ನೆಟ್ ಅಂಗಡಿಗೆ ಹೋಗಿ ಮಾಮಾನ ಬ್ಲಾಗು ಓದುತ್ತಿದ್ದ. ನೀರಿನ ಸುದ್ದಿ ತಂಗಿಯ ಮನೆ ಮುಟ್ಟಲು ಮಾಸ್ತರರಿಗೆ ಉಳಿದಿದ್ದ ದಾರಿ ಅದೊಂದೇ.

ಆ ದಿನ ಮಂಗಳವಾರ. ನಸುಕಿನಲ್ಲೇ ಬ್ಯಾರೇಜಿನ ಶಿಷ್ಯನ ಫೋನು ಬಂತು. ಮೇಲಿನಿಂದ ಬಹಳ ನೀರು ಬಿಟ್ಟಿದ್ದಾರೆ. ಕೆಳಗೆ ಅಣೆಕಟ್ಟಿನ ಹಿನ್ನೀರೂ ಒತ್ತಿಕೊಂಡು ನಿಂತಿದೆ, ಇಳಿಯಲು ಜಾಗವಿಲ್ಲ ಎಂದು ಹೇಳಿದ. ಮಾಸ್ತರರು ಸಂಜೆಯ ತನಕ ಕಾಯದೆ ಆಗಲೇ ಮೇಲೆ ಬಂದರು. ಅವರು ಬೆಳಗಿನ ಹೊತ್ತು ಬರೆದದ್ದು ಅದೇ ಮೊದಲು. ಚಿತ್ರವಿಲ್ಲ, ಎರಡೇ ಸಾಲು. ಇವತ್ತು ಸಂಜೆಯೊಳಗೆ ದೊಡ್ಡ ನೀರು ಬರುತ್ತದೆ. ಯಾರೂ ಹೊಳೆಗೆ ಇಳಿಯಬೇಡಿ, ಮೋಟಾರು ಹೋದರೆ ಹೋಗಲಿ.

ಗುಂಡಿ ಒತ್ತಿದರು. ನಾವು ಶಾಲೆಗೆ ಹೋದೆವು.

ಮಧ್ಯಾಹ್ನದ ಊಟದ ಗಂಟೆ ಆಗಿತ್ತು. ಮಾಸ್ತರರು ಚಿತ್ರದ ಖೋಲಿಯಲ್ಲಿ ಬುತ್ತಿ ಬಿಚ್ಚುತ್ತಿದ್ದರು, ನಾನು ಎದುರಿಗಿದ್ದೆ. ಮೊಬೈಲು ಹೊಡೆಯಿತು. ಹೆಸರು ನೋಡಿ ಅವರು ಬುತ್ತಿ ಬದಿಗೆ ಸರಿಸಿ ಎತ್ತಿದರು. ತಂಗಿಯ ಫೋನು, ಎರಡು ವರ್ಷದ ಮೇಲೆ. ಆಕೆ ಎಷ್ಟು ಜೋರಾಗಿ ಮಾತಾಡುತ್ತಿದ್ದಳೆಂದರೆ ನನಗೂ ಕೇಳುತ್ತಿತ್ತು.

‘ಅಣ್ಣಾ, ನಿನ್ನಿ ನೀರ ಬರತೈತಿ ಅಂತ ಬರದಿದ್ದ್ಯಂತ. ನಿನ್ನಿ ಬರಲಿಲ್ಲ. ಸುದ್ದಿ ಸುಳ್ಳಾತು, ಇನ್ನೂ ಹೊತ್ತೈತಿ ಅಂತ ತಿಳದು ಇವರು ಮೋಟಾರ ಎತ್ತಾಕ ಹೋಗ್ಯಾರ. ಈಗ ನೋಡಿದ್ರ ಇಲ್ಲೆ ಡಂಗುರ ಹೊಡ್ಯಾಕತ್ತಾರ. ಯಾವುದು ಖರೆ?’

‘ನಿನ್ನಿ ನಾ ಏನೂ ಬರದಿಲ್ಲ ಯವ್ವಾ’ ಎಂದರು ಮಾಸ್ತರರು. ‘ಇವತ್ತ ಬರದೇನಿ. ಇವತ್ತ ಮುಂಜಾನೆ.’

‘ಇಲ್ಲಣ್ಣಾ. ತಾರೀಖ ನಿನ್ನೀದೈತಂತ. ಹುಡುಗ ಎರಡೆರಡ ಸಲ ನೋಡಿ ಹೇಳ್ಯಾನ.’

ನಾನು ಶಾಲೆಯ ಆಫೀಸಿಗೆ ಓಡಿ ಅಲ್ಲಿಯ ಕಂಪ್ಯೂಟರಿನಲ್ಲಿ ಪುಟ ತೆರೆದೆ. ಸೀರೆಯ ದಡಿ ನಿಧಾನಕ್ಕೆ ಮೂಡಿತು, ಕೆಂಪುನೀರಿನ ಬಣ್ಣ ಹರಡಿತು, ಎರಡು ಸಾಲು ಬಂದವು. ಕೆಳಗೆ ಸೋಮವಾರದ ತಾರೀಖು. ತಾಣದ ಗಡಿಯಾರ ಕೆಟ್ಟಿರಲಿಲ್ಲ. ಅದು ಅಮೆರಿಕದ ಹೊತ್ತು ತೋರಿಸುತ್ತಿತ್ತು. ನಮ್ಮ ರಾತ್ರಿ ಅಲ್ಲಿ ಅದೇ ದಿನದ ಬೆಳಗು, ಅದಕ್ಕೇ ಅಷ್ಟು ದಿನ ತಾರೀಖು ತಪ್ಪಿರಲಿಲ್ಲ. ನಮ್ಮ ಬೆಳಗು ಅಲ್ಲಿ ಹಿಂದಿನ ದಿನದ ಸಂಜೆ. ಗಂಟೆ ಕಾಣುವಂತಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರು. ಬರೀ ತಾರೀಖನ್ನು ಯಾರು ಅನುಮಾನಿಸುತ್ತಾರೆ?

ಮಾಸ್ತರರು ನನ್ನ ಭುಜದ ಮೇಲಿಂದ ನೋಡಿದರು. ‘ಗಾಡಿ ತಗಿ’ ಅಂದರು.

ಆ ದಾರಿಯನ್ನು ನಾನು ಈಗಲೂ ನಿದ್ದೆಯಲ್ಲಿ ಹೋಗುತ್ತೇನೆ. ಮಳೆ ಮುಖಕ್ಕೆ ರಾಚುತ್ತಿತ್ತು. ಎದುರಿಗೆ ಟ್ರ್ಯಾಕ್ಟರುಗಳ ಸಾಲು, ಟ್ರೇಲರಿನ ಮೇಲೆ ಕೆಸರು ಮೆತ್ತಿದ ಮೋಟಾರುಗಳು, ಪೈಪುಗಳು, ಎಮ್ಮೆಗಳು. ಎಲ್ಲರೂ ಹೊಳೆಯಿಂದ ಬರುತ್ತಿದ್ದಾರೆ, ನಾವಿಬ್ಬರೇ ಹೊಳೆಯ ಕಡೆ. ಹಿಂದೆ ಕೂತ ಮಾಸ್ತರರು ದಾರಿಯುದ್ದಕ್ಕೂ ತಂಗಿಯ ಗಂಡನ ಫೋನಿಗೆ ಹಚ್ಚುತ್ತಲೇ ಇದ್ದರು. ರಿಂಗಾಗುತ್ತಿತ್ತಂತೆ. ಅವನು ಅಂಗಿ ಕಳಚಿ ಬದುವಿನ ಮೇಲೆ ಇಟ್ಟು ನೀರಿಗೆ ಇಳಿದಿದ್ದ, ಫೋನು ಅಂಗಿಯಲ್ಲಿತ್ತು ಎಂದು ಆಮೇಲೆ ತಿಳಿಯಿತು.

ಊರು ದಾಟಿ ಹೊಲಕ್ಕೆ ಇಳಿಯುವ ದಾರಿಯಲ್ಲಿ ಜನ ನಿಂತಿದ್ದರು. ಅಲ್ಲಿಂದ ಮುಂದೆ ದಾರಿಯೇ ಇಲ್ಲ. ಕಬ್ಬಿನ ಗದ್ದೆಗಳ ಬದಲು ಕಬ್ಬಿನ ತುದಿಗಳು. ಹೊಳೆ ಎದುರಿನಿಂದ ಏರಿ ಬಂದಿರಲಿಲ್ಲ; ಹಿಂದಿನ ಹಳ್ಳದಿಂದ ಸುತ್ತಿಕೊಂಡು ಬಂದು ಹೊಳೆಸಾಲಿನ ಹೊಲಗಳನ್ನು ನಡುಗಡ್ಡೆ ಮಾಡಿತ್ತು. ಅಲ್ಲಿ, ಮೋಟಾರಿನ ಖೋಲಿಯ ಮಾಳಿಗೆಯ ಮೇಲೆ, ಬರಿಮೈಯಲ್ಲಿ ಒಬ್ಬ ಮನುಷ್ಯ ಕುಕ್ಕರುಗಾಲಿನಲ್ಲಿ ಕೂತಿದ್ದ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಅನಿಸುತ್ತಿತ್ತು. ನಡುವೆ ನೀರು ಸುತ್ತುತ್ತಿತ್ತು, ಒಂದು ಗಿಡ ಬೇರು ಸಮೇತ ಹರಿದು ಹೋಯಿತು. ಅಂಬಿಗರು ಈ ಸೆಳವಿಗೆ ದೋಣಿ ಹಾಕಿದರೆ ನಾವೂ ತಿರುಗಿ ಬರುವುದಿಲ್ಲ ಎಂದು ಕೈಮುಗಿದು ನಿಂತಿದ್ದರು.

ಮಾಸ್ತರರ ತಂಗಿ ನೆಲದ ಮೇಲೆ ಕೂತಿದ್ದಳು. ಅಣ್ಣನನ್ನು ನೋಡಿ ಮಾಳಿಗೆಯ ಕಡೆ ಕೈ ತೋರಿಸಿದಳು.

ಮಾಸ್ತರರು ಚಪ್ಪಲಿ ಸಮೇತ ನೀರಿಗೆ ಇಳಿದರು. ಮೊಣಕಾಲು, ಸೊಂಟ, ಎದೆ. ನಾನು ಹಿಂದಿನಿಂದ ಅವರ ಅಂಗಿ ಹಿಡಿದೆ, ನನ್ನನ್ನು ಇನ್ನಾರೋ ಹಿಡಿದರು. ಅವರು ಕೂಗತೊಡಗಿದರು. ಮೂವತ್ತು ವರ್ಷ ಮಕ್ಕಳ ಮೇಲೆ ದನಿ ಏರಿಸದ ಮನುಷ್ಯ.

‘ಇವತ್ತ ಬರದೇನ್ರೀ! ನಾ ಇವತ್ತ ಬರದೇನಿ!’

ಅದನ್ನೇ ಮತ್ತೆ ಮತ್ತೆ ಕೂಗಿದರು. ಹಗ್ಗದ ಮಾತಿಲ್ಲ, ಧೈರ್ಯದ ಮಾತಿಲ್ಲ. ದಂಡೆಯ ಮೇಲಿನ ಜನ ಇವರಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಮಾಳಿಗೆಯ ಮೇಲಿನವನು ಕಿವಿಗೆ ಕೈ ಹಚ್ಚಿದ. ಕೇಳಿಸಿತೋ ಇಲ್ಲವೋ. ಆಗ ಮೋಟಾರಿನ ಖೋಲಿಯ ಹೊಳೆಯ ಕಡೆಯ ಗೋಡೆ ಸದ್ದಿಲ್ಲದೆ ಕುಸಿಯಿತು. ಮಾಳಿಗೆ ವಾಲಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅಲ್ಲಿ ಬರೀ ನೀರಿತ್ತು.

ಮಾಸ್ತರರ ಬಾಯಿಂದ ‘ಇವ’ ಎಂಬ ಎರಡು ಅಕ್ಷರ ಬಂದು ನಿಂತವು. ನಾವು ನಾಲ್ಕು ಜನ ಅವರನ್ನು ಎಳೆದು ದಂಡೆಗೆ ತಂದೆವು.

ಮರುದಿನ ಬಿಸಿಲೇರಿದ ಮೇಲೆ ಸುದ್ದಿ ಬಂತು. ಕೆಳಗಿನ ಊರಿನ ಅಂಬಿಗರು ಜಾಲಿಯ ಗಿಡದಲ್ಲಿ ಸಿಕ್ಕಿಕೊಂಡಿದ್ದ ಒಬ್ಬನನ್ನು ಇಳಿಸಿದ್ದಾರೆ, ಜೀವ ಇದೆ, ಕಾಲು ಮುರಿದಿದೆ. ತಂಗಿ ಅತ್ತಳು. ಮಾಸ್ತರರು ಅಳಲಿಲ್ಲ. ಮುಧೋಳದ ದವಾಖಾನೆಗೆ ಹೋಗಿ ಹೊರಗಿನ ಬಾಕಿನ ಮೇಲೆ ಕೂತರು. ಒಳಗೆ ಕರೆಯುವವರಿರಲಿಲ್ಲ. ದಿನಾ ಹೋಗಿ ಕೂತು, ದಿನಾ ಹಾಗೇ ಬಂದರು.

ಅವರ ನಿದ್ದೆ ಹೋಯಿತು. ನನ್ನದೂ ಹೋಯಿತು. ಕಣ್ಣು ಮುಚ್ಚಿದರೆ ಮಾಳಿಗೆ ವಾಲುತ್ತಿತ್ತು. ಕೆಳಗೆ ಪಡಸಾಲೆಯಲ್ಲಿ ಅವರು ಅಡ್ಡಾಡುವ ಹೆಜ್ಜೆ ನನಗೆ ಕೇಳುತ್ತಿತ್ತು, ನಾನು ಮಗ್ಗುಲಾಗುವ ಸಪ್ಪಳ ಅವರಿಗೆ ಕೇಳುತ್ತಿತ್ತೇನೋ.

ಒಂದು ಸಂಜೆ ಮೇಲೆ ಬಂದು, ಆ ಗಡಿಯಾರ ಎಲ್ಲಿ ತಿದ್ದುವುದು ತೋರಿಸು ಅಂದರು. ಬದಲಾವಣೆಗಳ ಪುಟದಲ್ಲಿ, ಬಣ್ಣಕ್ಕೂ ಅಕ್ಷರಕ್ಕೂ ಬಹಳ ಕೆಳಗೆ, ನಾವು ಎಂದೂ ಇಳಿದು ನೋಡದ ಮೂಲೆಯಲ್ಲಿ ಊರುಗಳ ಉದ್ದನೆಯ ಯಾದಿ ಇತ್ತು. ಮಾಸ್ತರರು ಅದರಲ್ಲಿ ನಮ್ಮ ದೇಶದ ಊರು ಹುಡುಕಿ ಒತ್ತಿದರು. ಪುಟ ಒಮ್ಮೆ ಮಿನುಗಿತು. ಆ ಎರಡು ಸಾಲಿನ ಕೆಳಗಿನ ಸೋಮವಾರ, ಮಂಗಳವಾರವಾಯಿತು.

‘ಇಷ್ಟ ಇತ್ತನು?’ ಎಂದರು.

ಆಮೇಲೆ ಎದ್ದು ಮೆಟ್ಟಿಲ ತನಕ ಹೋಗಿ ತಿರುಗಿ ಬಂದರು. ತಟ್ಟನೆ, ಮೊದಲಿನಂತೆಯೇ ಇಡು ಎಂದು ಅವಸರ ಮಾಡಿದರು. ಸರಿ ಮಾಡಿದರೆ ತಪ್ಪು ಆಗೇ ಇರಲಿಲ್ಲ ಅನ್ನುವ ಹಾಗೆ ಕಾಣುತ್ತದೆ. ತಂಗಿಯ ಗಂಡ ಎದ್ದು ಬಂದು ನೋಡಿದರೆ ಏನು ತಿಳಿದಾನು, ತನ್ನ ಮಗನೇ ತಪ್ಪು ಓದಿ ತನ್ನನ್ನು ನೀರಿಗೆ ಕಳಿಸಿದ ಅಂದುಕೊಂಡಾನು ಎಂದರು. ನಾನು ಮತ್ತೆ ಅಮೆರಿಕದ ಹೊತ್ತಿಗೆ ತಿರುಗಿಸಿದೆ. ಅಲ್ಲಿಂದ ಅವರು ಬ್ಲಾಗಿನಲ್ಲಿ ಏನೂ ಬರೆಯಲಿಲ್ಲ. ಓದುಗರು ಕೇಳಿದರು, ಬೈದರು, ಸುಮ್ಮನಾದರು.

ಮಹಾನವಮಿಗೆ ಇನ್ನೂ ಕೆಲವು ದಿನವಿತ್ತು. ಪ್ಲಾಸ್ಟರು ಬಿಚ್ಚಿದ ಕಾಲನ್ನು ಜಮಖಂಡಿಯ ಎಲುಬಿನ ಡಾಕ್ಟರಿಗೆ ತೋರಿಸಬೇಕಾಗಿತ್ತು. ಆ ಮಧ್ಯಾಹ್ನ ಮನೆಯ ಮುಂದೆ ಟಂಟಂ ರಿಕ್ಷಾ ನಿಂತಿತು. ತಂಗಿ ಮೊದಲು ಇಳಿದು, ಒಂದ ರಾತ್ರಿ ಇರತೇವಿ ವೈನಿ ಎಂದು ಮಾಸ್ತರರ ಹೆಂಡತಿಗೆ ಹೇಳಿದಳು. ಅವನು ಕೋಲೂರಿ ಬಂದು ಪಡಸಾಲೆಯ ಖುರ್ಚಿಯಲ್ಲಿ ಕಾಲು ಚಾಚಿ ಕೂತ. ನೀರು ಕೊಟ್ಟರೆ ಕುಡಿದ. ಚಹಾ ಕೊಟ್ಟರೆ ಕುಡಿದ. ಮಾಸ್ತರರು ಬಾಗಿಲ ಹತ್ತಿರ ನಿಂತೇ ಇದ್ದರು, ತಮ್ಮ ಮನೆಯಲ್ಲೇ ಕೂರಲು ಅಪ್ಪಣೆ ಬೇಕೇನೋ ಅನ್ನುವಂತೆ.

‘ಆ ಮಶೀನ ನಾ ನೋಡಬೇಕು’ ಎಂದ ಅವನು, ನನ್ನ ಕಡೆ ತಿರುಗಿ.

ಅವನು ಮಹಡಿ ಹತ್ತುವಂತಿರಲಿಲ್ಲ. ಕಂಪ್ಯೂಟರನ್ನು ಬಿಚ್ಚಿ ಕೆಳಗೆ ಹೊತ್ತು ತಂದೆವು. ಫೋನಿನ ತಂತಿಯನ್ನು ಕಿಟಕಿಯಿಂದ ಇಳಿಬಿಟ್ಟು ಜೋಡಿಸಿದೆ. ಪುಟ ಮೂಡಿತು. ಅವನು ಆ ಎರಡು ಸಾಲನ್ನು ತುಟಿ ಅಲ್ಲಾಡಿಸುತ್ತ ಓದಿದ. ಬೆರಳಿಟ್ಟು ತಾರೀಖು ಓದಿದ.

ಮಾಸ್ತರರು ಆಗ ಮಾತಾಡಿದರು. ನಮ್ಮಲ್ಲಿ ಬೆಳಗಾದಾಗ ಅಮೆರಿಕದಲ್ಲಿ ಇನ್ನೂ ನಿನ್ನೆಯೇ ಇರುತ್ತದೆ, ಈ ಮಶೀನು ಅಲ್ಲಿಯದು, ಅದನ್ನು ತಾನು ನೋಡಲಿಲ್ಲ, ಗಂಟೆ ಕಾಣುತ್ತಿತ್ತು, ಚೆಂದ ಕಾಣಲೆಂದು ತಾನೇ ತೆಗೆಸಿದೆ. ಹುಡುಗನ ತಪ್ಪಿಲ್ಲ. ಎಲ್ಲ ಒಂದೇ ಉಸಿರಿನಲ್ಲಿ, ಶಿಕ್ಷಕರ ಮುಂದೆ ಪಾಠ ಒಪ್ಪಿಸುವ ಹುಡುಗನಂತೆ ಹೇಳಿ ನಿಲ್ಲಿಸಿದರು.

ಅವನು ಬೆರಳನ್ನು ತಾರೀಖಿನಿಂದ ಮೇಲಿನ ಸಾಲಿಗೆ ಸರಿಸಿದ.

‘ಮೋಟಾರ ಹೋದ್ರ ಹೋಗಲಿ ಅಂತ ಬರದೀರಿ’ ಎಂದ.

‘ಹೌದು.’

‘ನಮ್ಮ ಹುಡುಗ ಓದತಾನ ಅಂತ ಬರೀತಿದ್ರೇನು?’

ಮಾಸ್ತರರು ಹೌದೆಂದು ತಲೆಯಾಡಿಸಿದರು.

‘ಅಂವಾ ತಾನಾಗಿ ಓದತಿರಲಿಲ್ರಿ ಮಾಸ್ತರ. ನಾ ಫೋನ್ ಹಚ್ಚಿ ಓದಸ್ತಿದ್ನಿ. ದಿನಾ. ನಿಮ್ಮ ಮಾಮಾ ಏನ ಬರದಾನ ಓದು ಅಂತಿದ್ನಿ.’ ಕಾಲನ್ನು ಎರಡೂ ಕೈಯಿಂದ ಎತ್ತಿ ಸರಿಸಿಕೊಂಡ. ‘ಆವತ್ತ ನೀವು ಫೋನ್ ಮಾಡಬೇಕಿತ್ತು.’

‘ನೀವು ಎತ್ತತಿರಲಿಲ್ಲ.’

‘ಎತ್ತತಿರಲಿಲ್ಲ’ ಎಂದು ಅವನು ಒಪ್ಪಿಕೊಂಡ. ‘ಇನ್ನ ಮ್ಯಾಲ ಎತ್ತತೇನಿ’ ಎಂದ.

ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು, ಮತ್ತೆ ಶುರುವಾಯಿತು. ಮಾಸ್ತರರು ಬಾಗಿಲು ಬಿಟ್ಟು ಬಂದು ನೆಲದ ಮೇಲೆ ಕೂತರು.

ಆ ರಾತ್ರಿ ಕೆಳಗೆ ಹೆಜ್ಜೆಯ ಸಪ್ಪಳ ಬರಲಿಲ್ಲ. ಅದನ್ನು ಕಾಯುತ್ತಾ ನಾನೂ ಯಾವಾಗಲೋ ಕಣ್ಣು ಮುಚ್ಚಿದೆ. ಎದ್ದಾಗ ಬಿಸಿಲು ಗೋಡೆಗೆ ಬಂದಿತ್ತು, ಶಾಲೆಯ ಹೊತ್ತು ಮೀರಿತ್ತು. ಗಡಬಡಿಸಿ ಇಳಿಯಲು ಹೊರಟರೆ ಮೆಟ್ಟಿಲ ಬುಡದಲ್ಲಿ ಮಾಸ್ತರರ ಹೆಂಡತಿ ನಿಂತಿದ್ದರು. ಪಡಸಾಲೆಯಲ್ಲಿ ಒಂದು ಹಾಸಿಗೆಯ ಮೇಲೆ ತಂಗಿಯ ಗಂಡ, ಕಾಲ ಕೆಳಗೆ ದಿಂಬು. ಪಕ್ಕದ ಚಾಪೆಯ ಮೇಲೆ ಮಾಸ್ತರರು, ಮುಖದ ಮೇಲೆ ಬಿಸಿಲು ಬಿದ್ದರೂ ಅಲುಗದೆ, ಬಾಯಿ ಅರೆ ತೆರೆದು ಮಲಗಿದ್ದರು.

‘ಸಾವಕಾಶ ಇಳೀರಿ’ ಎಂದು ಆಕೆ ಪಿಸುಗುಟ್ಟಿದರು. ‘ಇನ್ನೂ ಎದ್ದಿಲ್ಲ.’

ನಾನು ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೆ.